ಹಳೆಯ ಹೊಲಿಗೆ ಮಷಿನ್: ಯಾವ ತಿರುಪು ಯಾವುದಕ್ಕೆ?

“ಅಟ್ಟದ ಮೇಲಿದ್ದ ಅಜ್ಜಿಯ ಹೊಲಿಗೆ ಮಷಿನ್ ಇಳಿಸಿದ್ದೇವೆ. ಚಕ್ರ ತಿರುಗುತ್ತದೆ, ಸೂಜಿಯೂ ಆಡುತ್ತದೆ. ಆದರೆ ಇಷ್ಟೊಂದು ತಿರುಪು, ಹಿಡಿಗಳಲ್ಲಿ ಯಾವುದು ಯಾವುದಕ್ಕೆ?” ತೀರ್ಥಹಳ್ಳಿಯಿಂದ, ಸಾಗರದಿಂದ, ಹೊಸನಗರದಿಂದ ಓದುಗರು ಹೆಚ್ಚುಕಡಿಮೆ ಇದೇ ಮಾತಿನಲ್ಲಿ ಕೇಳುತ್ತಿರುತ್ತಾರೆ. ಮಷಿನ್ ಜತೆ ಬಂದಿದ್ದ ಪುಸ್ತಕ ಯಾವತ್ತೋ ಗೆದ್ದಲಿನ ಪಾಲಾಗಿರುತ್ತದೆ. ಇಲ್ಲದಿದ್ದರೂ ನಡೆಯುತ್ತದೆ. ಕಪ್ಪು ಬಣ್ಣ, ಬಂಗಾರದ ಚಿತ್ತಾರದ ಈ ಎರಕದ ಕಬ್ಬಿಣದ ಮಷಿನ್‌ಗಳಲ್ಲಿ ಕಣ್ಣಿಗೆ ಕಾಣದೆ ಕೆಲಸ ಮಾಡುವ ಭಾಗ ಬಹಳ ಕಡಿಮೆ. ಚಕ್ರವನ್ನು ಕೈಯಲ್ಲಿ ನಿಧಾನಕ್ಕೆ ತಿರುಗಿಸುತ್ತ ನೋಡಿದರೆ ಹೆಚ್ಚಿನ ತಿರುಪುಗಳ ಕೆಲಸ ತಾನಾಗಿ ತಿಳಿಯುತ್ತದೆ.

ಷರತ್ತು ಒಂದೇ. ಒಂದು ಸಲಕ್ಕೆ ಒಂದೇ ತಿರುಪು ಮುಟ್ಟಿ, ಮುಟ್ಟುವ ಮೊದಲು ಅದು ಈಗ ಎಲ್ಲಿದೆ ಎಂದು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಏನೂ ಹಾಳಾಗದ ಮಷಿನ್ ರಿಪೇರಿಗೆ ಹೋಗುವುದು ಹೆಚ್ಚಾಗಿ ಈ ಷರತ್ತು ಮುರಿದಾಗ. ಹೊಲಿಗೆ ಸರಿ ಬರಲಿಲ್ಲವೆಂದು ಮೇಲಿನ ದಾರದ ಬಿಗಿ, ಅಂದರೆ ಟೆನ್ಷನ್, ಹೆಚ್ಚಿಸುತ್ತಾರೆ, ಕೆಳದಾರದ ಡಬ್ಬಿಯ ಸ್ಕ್ರೂ ಸಡಿಲಿಸುತ್ತಾರೆ, ಬಟ್ಟೆ ಒತ್ತಿ ಹಿಡಿಯುವ ಪಾದದ ಒತ್ತಡ ಏರಿಸುತ್ತಾರೆ. ಅಷ್ಟೆಲ್ಲ ಆದ ಮೇಲೂ ತಿರುಗುಮುರುಗಾಗಿ ಕೂತ ಸೂಜಿ ಹಾಗೇ ಇರುತ್ತದೆ.

ಬೇಕಾಗುವ ಸಾಮಾನು ಜಾಸ್ತಿಯಿಲ್ಲ. ಹೊಲಿಗೆ ಮಷಿನ್ ಎಣ್ಣೆ, ಒಂದು ದೊಡ್ಡ ಒಂದು ಸಣ್ಣ ಸ್ಕ್ರೂಡ್ರೈವರ್, ಹಳೆಯ ಹಲ್ಲುಜ್ಜುವ ಬ್ರಷ್, ಚಿಮಟ, ಗೆರೆಯಿರುವ ನೋಟ್‌ಬುಕ್ಕಿನ ಹಾಳೆ, ಪಾಪ್ಲಿನ್ ಬಟ್ಟೆಯ ಚೂರು, ಒಂದೇ ದಪ್ಪದ ಎರಡು ಬಣ್ಣದ ದಾರ. ಹೊಸ ಸೂಜಿಯ ಒಂದು ಪ್ಯಾಕೆಟ್ ತಪ್ಪದೆ ತನ್ನಿ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ದಾರ, ಗುಂಡಿ ಮಾರುವ ಕಡೆ ವಿಚಾರಿಸಿದರೆ ಇವೆಲ್ಲ ಸಿಗುವಂಥವೇ.

1. ನಿಮ್ಮದು ಯಾವ ಬಗೆ?

ಮುಂಭಾಗದಲ್ಲಿ ಬರೆದ ಕಂಪನಿಯ ಹೆಸರಿಗಿಂತ ಕೆಳಗಿನ ದಾರ ಎಲ್ಲಿ ಕೂರುತ್ತದೆ ಎನ್ನುವುದು ಮುಖ್ಯ. ಸೂಜಿಯ ಕೆಳಗೆ ಎಡಬದಿಗೆ ಜಾರುವ ಲೋಹದ ತಟ್ಟೆಯಿರುತ್ತದೆ. ಅದನ್ನು ಎಳೆದು ಒಳಗೆ ನೋಡಿ.

ಎಡಗಡೆಯಿಂದ ಕೈಹಾಕಿ ತೆಗೆಯುವ ದುಂಡನೆಯ ಡಬ್ಬಿ ಕಂಡರೆ ಅದು ಸಿಂಗರ್ 15ರ ಮಾದರಿ. ಆ ಡಬ್ಬಿಗೆ ಬಾಬಿನ್ ಕೇಸ್ ಎನ್ನುತ್ತಾರೆ, ಕೆಳದಾರ ಸುತ್ತಿದ ಸಣ್ಣ ಗಾಲಿ, ಅಂದರೆ ಬಾಬಿನ್, ಅದರೊಳಗೆ ಕೂರುತ್ತದೆ. ನಮ್ಮಲ್ಲಿನ ಉಷಾ, ಮೆರಿಟ್ ಮತ್ತು ಹೆಸರು ಅಳಿಸಿಹೋದ ಹತ್ತಾರು ಕರಿ ಮಷಿನ್‌ಗಳಲ್ಲಿ ಬಹಳಷ್ಟು ಇದೇ ಬಗೆಯವು. ಬಾಬಿನ್ ಮೇಲಿನಿಂದ ಗುಳಿಯೊಳಗೆ ಇಳಿಯುವಂತಿದ್ದರೆ ಅದು ಸಿಂಗರ್ 66 ಅಥವಾ ಅದರ ಚಿಕ್ಕ ರೂಪ 99. ಉದ್ದನೆಯ ಕಡ್ಡಿಯಂಥ ಬಾಬಿನ್, ಅದು ಕೂರುವ ದೋಣಿಯಾಕಾರದ ಡಬ್ಬಿ, ಅಂದರೆ ಷಟಲ್, ಇದ್ದರೆ ಅದು ಇನ್ನೂ ಹಳೆಯ 27, 28 ಅಥವಾ 127, 128. ಸಿಂಗರ್ ಮಾದರಿ ಸಂಖ್ಯೆಯ ಪಕ್ಕ ‘ಕೆ’ ಇದ್ದರೆ, ಉದಾಹರಣೆಗೆ 15ಕೆ ಅಥವಾ 99ಕೆ, ಅದು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನ ಕಿಲ್ಬೋವಿ ಕಾರ್ಖಾನೆಯದು. ಆ ಕಾರ್ಖಾನೆ 1980ರಲ್ಲಿ ಮುಚ್ಚಿತು, ಹಾಗಾಗಿ ನಿಮ್ಮ ಮಷಿನ್ ಅದಕ್ಕಿಂತ ಹಳೆಯದು.

ಈ ಲೇಖನ 15ರ ಮಾದರಿಯನ್ನು ಎದುರಿಗಿಟ್ಟುಕೊಂಡು ಬರೆದದ್ದು. ಉಳಿದವುಗಳಲ್ಲಿ ಸೂಜಿ ಮತ್ತು ಬಾಬಿನ್‌ನ ದಿಕ್ಕು ಬೇರೆ. ಮಿಕ್ಕ ತಿರುಪುಗಳ ಕೆಲಸ ಹೆಚ್ಚುಕಡಿಮೆ ಒಂದೇ.

2. ತಿರುಗಿಸುವ ಮೊದಲು ಎಣ್ಣೆ

ಒಲೆಯ ಹೊಗೆ ಹತ್ತುವ ಅಟ್ಟದಲ್ಲಿ ವರ್ಷಗಟ್ಟಲೆ ಇದ್ದ ಮಷಿನ್‌ಗೆ ತುಕ್ಕು ಕಡಿಮೆ, ಮಸಿ ಜಾಸ್ತಿ. ಹಳೆಯ ಎಣ್ಣೆ, ಮಸಿ, ಬಟ್ಟೆಯ ನಾರು ಮೂರೂ ಸೇರಿ ಕರಿ ಅಂಟಾಗಿರುತ್ತದೆ. ಚಕ್ರ ಭಾರವಾಗಿ ತಿರುಗಿದರೆ ಅಥವಾ ತಿರುಗದೇ ಇದ್ದರೆ ಬಲ ಹಾಕಬೇಡಿ. ಬಿಸಿಲು ಬಿದ್ದ ದಿನ ಒಂದೆರಡು ಗಂಟೆ ಜಗಲಿಯ ಬಿಸಿಲಿನಲ್ಲಿಡಿ, ಅಂಟು ಮೆತ್ತಗಾಗುತ್ತದೆ. ಆಮೇಲೆ ಮೇಲ್ಭಾಗದ ಪ್ರತಿ ತೂತಿಗೂ ಒಂದೊಂದು ಹನಿ ಎಣ್ಣೆ ಬಿಡಿ. ಎಡತುದಿಯ ಮುಖದ ತಟ್ಟೆಯ ಸ್ಕ್ರೂ ಬಿಚ್ಚಿ, ಒಳಗೆ ಲೋಹಕ್ಕೆ ಲೋಹ ಉಜ್ಜುವ ಕಡೆಯಲ್ಲೆಲ್ಲ ಒಂದೊಂದು ಹನಿ. ಮಷಿನ್ ಹಿಂದಕ್ಕೆ ಮಗುಚಿ ಕೆಳಗಿನ ಕೀಲುಗಳಿಗೂ ಹಾಗೇ. ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಚಕ್ರವನ್ನು ಅತ್ತಿತ್ತ ಸ್ವಲ್ಪ ಸ್ವಲ್ಪವೇ ಅಲ್ಲಾಡಿಸಿ. ಅಂಟು ಅದಕ್ಕೂ ಬಿಡದಿದ್ದರೆ ಆ ಜಾಗಕ್ಕೆ ಮಾತ್ರ ಎರಡು ಹನಿ ಸೀಮೆಎಣ್ಣೆ ಹಾಕಿ. ಅದು ಅಂಟನ್ನು ಕರಗಿಸುತ್ತದೆಯೇ ಹೊರತು ಜಾರಿಕೆ ಕೊಡುವುದಿಲ್ಲ. ಆದ್ದರಿಂದ ಒರೆಸಿ ಮತ್ತೆ ಮಷಿನ್ ಎಣ್ಣೆ ಹಾಕಲೇಬೇಕು. ಹತ್ತಿರ ಒಲೆ, ದೀಪ ಇರಕೂಡದು.

ಕೊಬ್ಬರಿ ಎಣ್ಣೆ ಬೇಡವೇ ಬೇಡ. ನಮ್ಮ ಕಡೆ ಮಷಿನ್ ಕೆಡಿಸುವುದರಲ್ಲಿ ಅದಕ್ಕೇ ಮೊದಲ ಸ್ಥಾನ. 24 ಡಿಗ್ರಿಗಿಂತ ಕೆಳಗೆ ಹೋದರೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ, ಮಲೆನಾಡಿನ ಮಾರ್ಗಶಿರದ ಬೆಳಗು ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ಅಡುಗೆ ಎಣ್ಣೆ ಒಣಗಿ ಅಂಟಾಗುತ್ತದೆ. ಬೇಕಾದದ್ದು ನೀರಿನಂತೆ ತೆಳ್ಳಗಿರುವ ಬಿಳಿ ಮಷಿನ್ ಎಣ್ಣೆ.

ಇನ್ನೊಂದು ಎಚ್ಚರಿಕೆ. ಕಪ್ಪು ಬಣ್ಣದ ಮೇಲೆ ಹೊಳಪಿಗೆ ಬಳಿದಿರುವುದು ಹಳೆಯ ಮಷಿನ್‌ಗಳಲ್ಲಿ ಅರಗಿನ ವಾರ್ನಿಷ್. ಸ್ಪಿರಿಟ್ ಅಥವಾ ಸ್ಯಾನಿಟೈಸರ್‌ನಿಂದ ಒರೆಸಿದರೆ ಅದು ಕರಗಿ ಬಂಗಾರದ ಚಿತ್ತಾರವೂ ಎದ್ದುಬರುತ್ತದೆ, ಮತ್ತೆ ಸರಿಯಾಗುವುದಿಲ್ಲ. ಮಷಿನ್ ಎಣ್ಣೆ ಅದ್ದಿದ ಮೆತ್ತನೆ ಬಟ್ಟೆಯಿಂದ ಒರೆಸಿದರೆ ಸಾಕು.

3. ಚಕ್ರ ಮತ್ತು ನಡುವಿನ ಗುಂಡಿ

ಬಲತುದಿಯ ದೊಡ್ಡ ಚಕ್ರವನ್ನು ಯಾವಾಗಲೂ ನಿಮ್ಮ ಕಡೆಗೆ ತಿರುಗಿಸಿ. ಹಿಂದಕ್ಕೆ ತಿರುಗಿಸಿದರೆ ದಾರ ಕೆಳಗೆ ಸಿಕ್ಕಾಗುತ್ತದೆ. ಚಕ್ರದ ನಡುವೆ ಸಣ್ಣ ಗುಂಡಿಯೊಂದಿದೆ. ಅದು ಬಿಗಿಯಾಗಿದ್ದರೆ ಚಕ್ರದ ಜತೆ ಸೂಜಿಯೂ ಆಡುತ್ತದೆ. ಎಡಗೈಯಲ್ಲಿ ಚಕ್ರ ಹಿಡಿದು ಬಲಗೈಯಲ್ಲಿ ಗುಂಡಿಯನ್ನು ನಿಮ್ಮ ಕಡೆಗೆ ತಿರುಗಿಸಿ ಸಡಿಲಿಸಿದರೆ ಚಕ್ರ ಮಾತ್ರ ತಿರುಗುತ್ತದೆ, ಸೂಜಿ ನಿಲ್ಲುತ್ತದೆ. ಬಾಬಿನ್‌ಗೆ ದಾರ ಸುತ್ತುವಾಗ ಮಾತ್ರ ಈ ಸಡಿಲು ಬೇಕು.

“ಪೆಡಲ್ ತುಳಿದರೆ ಚಕ್ರ ತಿರುಗುತ್ತದೆ, ಸೂಜಿ ಅಲ್ಲಾಡುವುದಿಲ್ಲ, ಮಷಿನ್ ಹೋಯಿತು” ಎನ್ನುವವರು ಮೊದಲು ಈ ಗುಂಡಿ ನೋಡಬೇಕು. ಎಷ್ಟು ಬಿಗಿ ಮಾಡಿದರೂ ಹಿಡಿಯದಿದ್ದರೆ ಅಥವಾ ಎಷ್ಟು ಸಡಿಲಿಸಿದರೂ ಸೂಜಿ ಆಡುತ್ತಲೇ ಇದ್ದರೆ, ಗುಂಡಿಯ ಹಿಂದಿರುವ ಕಿವಿಗಳುಳ್ಳ ವಾಷರ್ ಅನ್ನು ಯಾರೋ ತಿರುಗಿಸಿ ಕೂರಿಸಿದ್ದಾರೆ ಎಂದರ್ಥ. ಗುಂಡಿಯ ಮೇಲಿನ ಪುಟ್ಟ ಸ್ಕ್ರೂ ತೆಗೆದು, ಗುಂಡಿ ಬಿಚ್ಚಿ, ವಾಷರ್ ಅನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಕೂರಿಸಿ.

4. ಸೂಜಿ

ಬೇರೇನೂ ಮುಟ್ಟುವ ಮೊದಲು ಹಳೆಯ ಸೂಜಿ ತೆಗೆದು ಹೊಸದು ಹಾಕಿ. ಮನೆಬಳಕೆಯ ಮಷಿನ್‌ಗೆ ಎಚ್‌ಎ×1 ಅಥವಾ 15×1 ಎಂದು ಬರೆದ ಸೂಜಿ ಬೇಕು, ಎರಡೂ ಒಂದೇ. ಅದರ ಬುಡ ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ದುಂಡು. ಅಂಗಡಿಯಲ್ಲಿ ಡಿಬಿ×1 ಕೊಟ್ಟರೆ ವಾಪಸು ಕೊಡಿ, ಬುಡ ಪೂರ್ತಿ ದುಂಡಗಿರುವ ಆ ಸೂಜಿ ಗಾರ್ಮೆಂಟ್ಸ್‌ನ ಪವರ್ ಮಷಿನ್‌ಗಳದ್ದು.

15ರ ಮಾದರಿಯಲ್ಲಿ ಚಪ್ಪಟೆ ಬದಿ ಬಲಕ್ಕೆ, ಅಂದರೆ ಚಕ್ರದ ಕಡೆಗೆ ಇರಬೇಕು. ದಾರ ಪೋಣಿಸುವುದು ಎಡದಿಂದ ಬಲಕ್ಕೆ. ಸಿಂಗರ್ 66, 99ರಲ್ಲಿ ಇದು ತಲೆಕೆಳಗು. ನಿಮ್ಮದು ಯಾವುದೆಂದು ಗೊತ್ತಾಗದಿದ್ದರೆ ಸೂಜಿಗೆ ಸ್ವಲ್ಪ ಮೇಲೆ ದಾರ ಸಿಕ್ಕಿಸುವ ಕೊನೆಯ ಕೊಕ್ಕೆ ಯಾವ ಬದಿಗಿದೆ ನೋಡಿ. ದಾರ ಆ ಬದಿಯಿಂದಲೇ ಸೂಜಿಯೊಳಗೆ ಹೋಗಬೇಕು, ಸೂಜಿಯ ಉದ್ದನೆ ಗೀರು ಆ ಬದಿಗೆ, ಚಪ್ಪಟೆ ಅದರ ಎದುರು ಬದಿಗೆ.

ಸೂಜಿಯನ್ನು ಮೇಲಕ್ಕೆ ತಳ್ಳಿ, ತಡೆ ಸಿಕ್ಕ ಮೇಲೆ ಸ್ಕ್ರೂ ಬಿಗಿ ಮಾಡಿ. ಒಂದೆರಡು ಮಿಲಿಮೀಟರ್ ಕೆಳಗೆ ನಿಂತರೂ ಬಾಬಿನ್ ಕೇಸಿನ ಸುತ್ತ ಆಡುವ ಕೊಕ್ಕೆಯ ಮೊನೆಗೆ ದಾರದ ಕುಣಿಕೆ ಸಿಗದೆ ಹೊಲಿಗೆ ತಪ್ಪುತ್ತದೆ. ರವಿಕೆಯ ಟು-ಬೈ-ಟು, ವಾಯಿಲ್‌ನಂಥ ತೆಳು ಬಟ್ಟೆಗೆ 11 ನಂಬರ್, ಪಾಪ್ಲಿನ್‌ಗೂ ಶಾಲೆ ಯೂನಿಫಾರ್ಮಿಗೂ 14, ಜೀನ್ಸ್‌ಗೆ 16 ಅಥವಾ 18.

5. ಪಾದ, ಒತ್ತಡ, ಹಲ್ಲು

ಬಟ್ಟೆಯನ್ನು ಒತ್ತಿ ಹಿಡಿಯುವ ಎರಡು ಬೆರಳಿನಂಥ ಭಾಗ ಪಾದ. ಅದನ್ನು ಎತ್ತಿ ಇಳಿಸುವ ಹಿಡಿ ಪಾದದ ಕಂಬಿಯ ಹಿಂಬದಿಗಿದೆ. ಈ ಹಿಡಿಗೆ ಇನ್ನೊಂದು ಕೆಲಸವೂ ಉಂಟು: ಎತ್ತಿದಾಗ ಮೇಲಿನ ಟೆನ್ಷನ್ ತಟ್ಟೆಗಳನ್ನು ಬಿಡಿಸುತ್ತದೆ, ಇಳಿಸಿದಾಗ ಹಿಡಿಸುತ್ತದೆ. ಮುಂದೆ ಬರುವ ಅರ್ಧದಷ್ಟು ತೊಂದರೆಗಳು ಇದನ್ನು ಮರೆಯುವುದರಿಂದ ಆಗುವಂಥವು.

ತಲೆಯ ಮೇಲೆ, ಪಾದದ ಕಂಬಿಗೆ ನೇರವಾಗಿ ಇರುವ ತಿರುಪು ಒತ್ತಡದ್ದು. ಬಲಕ್ಕೆ ತಿರುಗಿಸಿದರೆ ಒತ್ತಡ ಹೆಚ್ಚು. ತೆಳು ಬಟ್ಟೆ ಸುಕ್ಕಾಗಿ ಬರುತ್ತಿದ್ದರೆ ಒಂದು ಸುತ್ತು ಕಡಿಮೆ ಮಾಡಿ, ದಪ್ಪ ಬಟ್ಟೆ ಜಾರುತ್ತಿದ್ದರೆ ಹೆಚ್ಚಿಸಿ. ಒಮ್ಮೆ ಸರಿಯಾದರೆ ದಿನವೂ ಮುಟ್ಟುವ ತಿರುಪಲ್ಲ ಇದು.

ಪಾದದ ಕೆಳಗೆ ಬಟ್ಟೆಯನ್ನು ಹಿಂದಕ್ಕೆ ತಳ್ಳುವ ಗರಗಸದಂಥ ಹಲ್ಲುಗಳಿವೆ. ಕಸೂತಿಗೆ, ಹರಿದದ್ದಕ್ಕೆ ಅಡ್ಡಾದಿಡ್ಡಿ ಹೊಲಿಯಲಿಕ್ಕೆ ಈ ಹಲ್ಲು ಕೆಳಗಿಳಿಯಬೇಕು. ಕೆಲವು ಮಷಿನ್‌ಗಳಲ್ಲಿ ಅದಕ್ಕೆ ಕೆಳಗಡೆ ಹೆಬ್ಬೆರಳ ತಿರುಪಿದೆ, ಕೆಲವದರಲ್ಲಿ ಮೇಲೆಯೇ ಗುಂಡಿ. ಬಟ್ಟೆ ಮುಂದೆ ಹೋಗದೆ ಒಂದೇ ಕಡೆ ಕುಟ್ಟುತ್ತಿದ್ದರೆ ಈ ತಿರುಪು ಇಳಿದ ಸ್ಥಿತಿಯಲ್ಲಿದೆಯೇ ನೋಡಿ. ಇಲ್ಲವಾದರೆ ಸೂಜಿ ತೂತಿರುವ ತಟ್ಟೆಯ ಎರಡು ಸ್ಕ್ರೂ ಬಿಚ್ಚಿ. ಹಲ್ಲುಗಳ ನಡುವೆ ನಾರು, ಧೂಳು ಗಟ್ಟಿ ಮೆತ್ತೆಯಾಗಿ ಕೂತಿರುತ್ತದೆ. ಚಿಮಟದಿಂದ ಕಿತ್ತರೆ ಇಡಿಯಾಗಿ ಬರುವುದೂ ಉಂಟು.

ಬಟ್ಟೆಯಿಲ್ಲದೆ ಚಕ್ರ ತಿರುಗಿಸುವಾಗ ಪಾದ ಎತ್ತಿರಲಿ. ಇಲ್ಲದಿದ್ದರೆ ಹಲ್ಲು ಪಾದಕ್ಕೆ ಉಜ್ಜಿ ಎರಡೂ ಸವೆಯುತ್ತವೆ.

6. ಹೊಲಿಗೆಯ ಉದ್ದ: ಕಾಗದದ ಮೇಲೆ ಪರೀಕ್ಷೆ

ಚಕ್ರದ ಪಕ್ಕದ ಕಂಬದ ಮುಂಭಾಗದಲ್ಲಿ ಸೀಳಿನೊಳಗೆ ಮೇಲೆ ಕೆಳಗೆ ಆಡುವ ಹಿಡಿ, ಪಕ್ಕದಲ್ಲಿ 6, 8, 10, 12 ಹೀಗೆ 30ರವರೆಗೆ ಅಂಕಿಗಳು. ಇವು ಒಂದು ಇಂಚಿಗೆ ಎಷ್ಟು ಹೊಲಿಗೆ ಎಂಬುದರ ಲೆಕ್ಕ. ಹಾಗಾಗಿ ಅಂಕಿ ದೊಡ್ಡದಾದಷ್ಟೂ ಹೊಲಿಗೆ ಸಣ್ಣದು. 6 ಅಂದರೆ ಸುಮಾರು 4 ಮಿಲಿಮೀಟರ್, 10 ಅಂದರೆ ಎರಡೂವರೆ, 12 ಅಂದರೆ ಎರಡಕ್ಕಿಂತ ತುಸು ಜಾಸ್ತಿ, 20 ಅಂದರೆ ಒಂದೂಕಾಲು. ಈಚಿನ ಮಷಿನ್‌ಗಳಲ್ಲಿ 0ಯಿಂದ 4 ಅಥವಾ 5ರವರೆಗೆ ಇರುವುದು ಮಿಲಿಮೀಟರ್ ಲೆಕ್ಕ, ಅಲ್ಲಿ ಅಂಕಿ ದೊಡ್ಡದಾದರೆ ಹೊಲಿಗೆಯೂ ಉದ್ದ.

ಹಿಡಿ ಕೆಳಗಿದ್ದರೆ ಹೊಲಿಗೆ ಮುಂದಕ್ಕೆ, ನಡುವೆ ಬಂದರೆ ಬಟ್ಟೆ ನಿಂತಲ್ಲೇ, ಪೂರ್ತಿ ಮೇಲಕ್ಕೆತ್ತಿದರೆ ಹಿಮ್ಮುಖ. ಸೀಳಿನಲ್ಲೇ ಇರುವ ಇನ್ನೊಂದು ಪುಟ್ಟ ತಿರುಪು ತಡೆಗಟ್ಟೆ. ಬೇಕಾದ ಅಂಕಿಗೆ ಹಿಡಿಯಿಟ್ಟು ತಡೆಯನ್ನು ಅದಕ್ಕೆ ತಾಗುವಂತೆ ಬಿಗಿ ಮಾಡಿದರೆ, ಹಿಮ್ಮುಖ ಹೊಲಿದು ಹಿಡಿ ಇಳಿಸಿದಾಗ ಮತ್ತೆ ಅದೇ ಉದ್ದಕ್ಕೆ ಬಂದು ನಿಲ್ಲುತ್ತದೆ. ತಡೆ ಬಿಗಿಯಾಗಿರುವಾಗ ಹಿಡಿಯನ್ನು ಕೆಳಕ್ಕೆ ಒತ್ತಿ “ಜಾಮ್ ಆಗಿದೆ” ಎಂದುಕೊಳ್ಳುವವರು ಬಹಳ.

ಹಿಡಿಯೇ ಇಲ್ಲದೆ ಒಂದು ತಿರುಪು ಮಾತ್ರ ಹೊರಚಾಚಿದ್ದರೆ ನಿಮ್ಮದು ಇನ್ನೂ ಹಳೆಯದು, ಹಿಮ್ಮುಖ ಹೊಲಿಗೆ ಇರುವುದಿಲ್ಲ. ಹೊಲಿಗೆ ಮುಗಿದಲ್ಲಿ ಬಟ್ಟೆಯನ್ನೇ ತಿರುಗಿಸಿ ಮೂರ್ನಾಲ್ಕು ಹೊಲಿಗೆ ಹಾಕಬೇಕು. ಈ ತಿರುಪನ್ನು ಅರ್ಧರ್ಧ ಸುತ್ತು ಮಾತ್ರ ತಿರುಗಿಸಿ, ಪೂರ್ತಿ ಬಿಚ್ಚಿ ಹೊರಗೆ ಬರುವಷ್ಟು ಬೇಡ.

ಈಗ ಪರೀಕ್ಷೆ. ಮೇಲಿನ ದಾರವೂ ಇಲ್ಲ, ಬಾಬಿನ್ನೂ ಇಲ್ಲ. ನೋಟ್‌ಬುಕ್ಕಿನ ಹಾಳೆಯನ್ನು ಪಾದದ ಕೆಳಗಿಟ್ಟು, ಪಾದ ಇಳಿಸಿ, ಗೆರೆಯ ಮೇಲೆ ಚಕ್ರವನ್ನು ಕೈಯಲ್ಲೇ ತಿರುಗಿಸುತ್ತ ಹೋಗಿ. ಸ್ಕೇಲ್ ಇಟ್ಟು ಒಂದು ಇಂಚಿನಲ್ಲಿ ಎಷ್ಟು ತೂತು ಬಿದ್ದಿವೆ ಎಣಿಸಿ. 12ಕ್ಕಿಟ್ಟಾಗ 11 ಅಥವಾ 13 ಬಂದರೆ ಚಿಂತೆಯಿಲ್ಲ. 6ಕ್ಕಿಟ್ಟರೂ 12ಕ್ಕಿಟ್ಟರೂ ಒಂದೇ ಬಂದರೆ ಕೆಳಗಿನ ಕೀಲು ಅಂಟಿನಿಂದ ಹಿಡಿದುಕೊಂಡಿದೆ, ಎರಡನೆಯ ಹಂತಕ್ಕೆ ವಾಪಸು ಹೋಗಿ. ತೂತುಗಳ ಸಾಲು ಗೆರೆ ಬಿಟ್ಟು ಓರೆ ಹೋದರೆ ಪಾದ ಸಡಿಲಾಗಿದೆಯೇ ನೋಡಿ. ಕಾಗದ ಸೂಜಿಯನ್ನು ಮೊಂಡು ಮಾಡುತ್ತದೆ, ಅದಕ್ಕೆ ಹಳೆಯ ಸೂಜಿಯೊಂದನ್ನು ಇದೇ ಪರೀಕ್ಷೆಗೆಂದು ಇಟ್ಟುಕೊಳ್ಳಿ.

7. ಬಾಬಿನ್

ದಾರದ ಉಂಡೆಯಿಂದ ದಾರವನ್ನು ಮಂಚದ ಬಲಮೂಲೆಯ ಪುಟ್ಟ ತಟ್ಟೆಗಳ ನಡುವೆ ಹಾಯಿಸಿ ಬಾಬಿನ್‌ಗೆ ತನ್ನಿ. ಮಂಚ ಎಂದರೆ ಮಷಿನ್‌ನ ಚಪ್ಪಟೆ ತಳ. ತಟ್ಟೆಗಳನ್ನು ಬಿಟ್ಟು ನೇರ ಸುತ್ತಿದರೆ ದಾರ ಸಡಿಲಾಗಿ ಕೂತು, ಹೊಲಿಯುವಾಗ ಒಮ್ಮೆ ಬಿಗಿ ಒಮ್ಮೆ ಸಡಿಲು ಬರುತ್ತದೆ. ಅಂಚಿಗಿಂತ ಒಂದು ಮಿಲಿಮೀಟರ್ ಕೆಳಗೇ ನಿಲ್ಲಿಸಿ. ಸುತ್ತುವ ಗಾಲಿಯ ರಬ್ಬರ್ ಉಂಗುರ ಕಲ್ಲಿನಂತಾಗಿದ್ದರೆ ಜಾರುತ್ತದೆ, ಬದಲಿ ಉಂಗುರ ಹಾಕಿ. ಆ ರಬ್ಬರಿಗೆ ಎಣ್ಣೆ ತಾಗಿಸಬೇಡಿ.

ಬಾಬಿನ್ ಕೇಸಿನೊಳಗೆ ಬಾಬಿನ್ ಇಳಿಸಿ ದಾರವನ್ನು ಅಂಚಿನ ಸೀಳಿಗೆ ಹಾಕಿ, ಕೇಸಿನ ಹೊರಮೈಯ ಲೋಹದ ಪಟ್ಟಿಯ ಕೆಳಗೆ ಎಳೆಯಿರಿ. ದಾರ ಬಂದ ದಿಕ್ಕಿಗೆ ವಿರುದ್ಧವಾಗಿ ಮಡಚಿಕೊಂಡು ಪಟ್ಟಿಯ ಕೆಳಗೆ ಹೋಗಬೇಕು. ಮಡಿಕೆಯಿಲ್ಲದೆ ನೇರ ಜಾರಿ ಬಂದರೆ ಬಾಬಿನ್ ಮಗುಚಿ ಹಾಕಿ. ಕೇಸನ್ನು ಮಷಿನ್‌ಗೆ ಸೇರಿಸುವಾಗ ಅದರ ಚಾಚಿದ ಬೆರಳು ಮೇಲ್ಮುಖವಾಗಿ ಉಂಗುರದ ಕಚ್ಚಿನಲ್ಲಿ ಕೂರಬೇಕು, ‘ಟಕ್’ ಎಂದು ಸದ್ದು ಕೇಳಬೇಕು. ಸದ್ದು ಕೇಳದಿದ್ದರೆ ಕೇಸ್ ಕೂತಿಲ್ಲ, ಹಾಗೇ ತುಳಿದರೆ ಸೂಜಿ ಮುರಿಯುತ್ತದೆ.

8. ಮೇಲಿನ ದಾರ

ಪಾದ ಎತ್ತಿ. ದಾರದ ಏರಿಳಿತದ ಗೊಂಡಿ ಅತಿ ಮೇಲೆ ಬರುವವರೆಗೆ ಚಕ್ರ ತಿರುಗಿಸಿ. ಸೂಜಿಯ ಜತೆಯಲ್ಲೇ ಮೇಲೆ ಕೆಳಗೆ ಕುಣಿಯುವ ತೂತುಳ್ಳ ಕೊಂಬೇ ಆ ಗೊಂಡಿ. ದಾರದ ದಾರಿ ಹೀಗೆ: ಉಂಡೆ, ಮೇಲ್ಭಾಗದ ಕೊಕ್ಕೆ, ಕೆಳಗಿಳಿದು ಟೆನ್ಷನ್ ತಟ್ಟೆಗಳ ನಡುವೆ, ಅಲ್ಲಿನ ತಂತಿ ಸ್ಪ್ರಿಂಗಿನೊಳಗೆ, ಪಕ್ಕದ ಪುಟ್ಟ ಕೊಕ್ಕೆಯ ಕೆಳಗೆ, ಮೇಲೆ ಗೊಂಡಿಯ ತೂತಿಗೆ, ಮತ್ತೆ ಕೆಳಗೆ ಕೊಕ್ಕೆಗಳ ಮೂಲಕ ಸೂಜಿಗೆ.

ಬಿಟ್ಟುಹೋಗುವುದು ಎರಡೇ ಕಡೆ. ತಂತಿ ಸ್ಪ್ರಿಂಗಿನ ಕೊಂಡಿಯೊಳಗೆ ದಾರ ಸಿಗದಿರುವುದು, ತಟ್ಟೆಗಳ ನಡುವೆ ಆಳಕ್ಕೆ ಇಳಿಯದೆ ಅಂಚಿನಲ್ಲೇ ನಿಲ್ಲುವುದು. ತಟ್ಟೆಗಳ ಎರಡೂ ಕಡೆ ದಾರ ಹಿಡಿದು ಒಮ್ಮೆ ಗಟ್ಟಿಯಾಗಿ ಎಳೆದರೆ ಒಳಗೆ ಕೂರುತ್ತದೆ. ಸೂಜಿಗೆ ಪೋಣಿಸುವ ಮೊದಲು ಪರೀಕ್ಷಿಸಿ: ಪಾದ ಎತ್ತಿದಾಗ ದಾರ ಸಲೀಸಾಗಿ ಬರಬೇಕು, ಇಳಿಸಿದಾಗ ತಡೆಯಬೇಕು. ಎರಡರಲ್ಲೂ ಸಲೀಸಾಗಿ ಬಂದರೆ ದಾರ ತಟ್ಟೆಗಳ ಹೊರಗಿದೆ ಅಥವಾ ತಟ್ಟೆಗಳ ನಡುವೆ ಕಸವಿದೆ. ಎರಡರಲ್ಲೂ ಬಿಗಿಯಾಗಿದ್ದರೆ ತಟ್ಟೆ ಬಿಡಿಸುವ ಕಡ್ಡಿ ಅಂಟಿಕೊಂಡಿದೆ.

ಈಗ ಸೂಜಿದಾರದ ತುದಿಯನ್ನು ಎಡಗೈಯಲ್ಲಿ ಸಡಿಲಾಗಿ ಹಿಡಿದು ಚಕ್ರವನ್ನು ನಿಮ್ಮ ಕಡೆಗೆ ಒಂದು ಪೂರ್ತಿ ಸುತ್ತು ತಿರುಗಿಸಿ. ಕೆಳದಾರದ ಕುಣಿಕೆ ಮೇಲೆ ಬರುತ್ತದೆ. ಎರಡೂ ದಾರವನ್ನು ನಾಲ್ಕು ಬೆರಳುದ್ದ ಬಿಟ್ಟು ಪಾದದ ಕೆಳಗಿಂದ ಹಿಂದಕ್ಕೆ ಹಾಕಿ.

9. ಟೆನ್ಷನ್

ಎಲ್ಲರೂ ಮೊದಲು ಮುಟ್ಟುವ, ಕಟ್ಟಕಡೆಗೆ ಮುಟ್ಟಬೇಕಾದ ತಿರುಪು ಇದು. ಟೆನ್ಷನ್ ಎಂದರೆ ದಾರದ ಬಿಗಿ. ಮೇಲೆ ಒಂದು, ಬಾಬಿನ್ ಕೇಸಿನಲ್ಲಿ ಒಂದು. ಎರಡೂ ಸಮನಾಗಿ ಎಳೆದರೆ ಗಂಟು ಬಟ್ಟೆಯ ಪದರಗಳ ನಡುವೆ ಅಡಗುತ್ತದೆ.

ಮೇಲೆ ಕೆಂಪು, ಕೆಳಗೆ ಬಿಳಿ ದಾರ ಹಾಕಿ ಎರಡು ಪದರದ ಪಾಪ್ಲಿನ್ ಮೇಲೆ ಒಂದು ಗೇಣು ಹೊಲಿಯಿರಿ. ಮೇಲ್ಬದಿಯಲ್ಲಿ ಬಿಳಿ ಚುಕ್ಕೆಗಳು ಕಂಡರೆ ಮೇಲಿನ ಬಿಗಿ ಜಾಸ್ತಿ, ತಿರುಪನ್ನು ಎಡಕ್ಕೆ ಕಾಲು ಸುತ್ತು. ಕೆಳಬದಿಯಲ್ಲಿ ಕೆಂಪು ಕಂಡರೆ ಮೇಲಿನ ಬಿಗಿ ಕಡಿಮೆ, ಬಲಕ್ಕೆ ಕಾಲು ಸುತ್ತು. ಪ್ರತಿ ಸಲ ಪಾದ ಇಳಿಸಿಕೊಂಡೇ ತಿರುಗಿಸಿ, ಮತ್ತೆ ಒಂದು ಗೇಣು ಹೊಲಿದು ನೋಡಿ.

ಬಟ್ಟೆಯ ಕೆಳಗೆ ದಾರ ರಾಶಿ ರಾಶಿ ಸಿಕ್ಕಾದರೆ ಬಹುತೇಕರು ಬಾಬಿನ್ ಕೇಸನ್ನು ಬೈಯುತ್ತಾರೆ. ತಪ್ಪು ಮೇಲಿನದು. ಸೂಜಿದಾರಕ್ಕೆ ತಡೆಯೇ ಇಲ್ಲದಿದ್ದಾಗ ಗೊಂಡಿಗೆ ಅದನ್ನು ಎಳೆದುಕೊಳ್ಳಲು ಆಗದೆ ಅಷ್ಟೂ ದಾರ ಕೆಳಗೇ ಉಳಿಯುತ್ತದೆ. ಪಾದ ಇಳಿಸಿದ್ದೀರಾ, ದಾರ ತಟ್ಟೆಗಳ ನಡುವೆ ಇದೆಯಾ, ಅಷ್ಟು ನೋಡಿ.

ಮೇಲಿನ ಟೆನ್ಷನ್ ಬಿಚ್ಚಿದ್ದೇ ಆದರೆ ಭಾಗಗಳನ್ನು ತೆಗೆದ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿಡಿ. ಎರಡು ತಟ್ಟೆಗಳ ಉಬ್ಬು ಬದಿ ಒಂದಕ್ಕೊಂದು ಎದುರಾಗಿರಬೇಕು, ಉಲ್ಟಾ ಆದರೆ ದಾರ ಹಿಡಿಯುವುದಿಲ್ಲ. ತಟ್ಟೆಗಳಿಗೆ ಎಣ್ಣೆ ಬೇಡ.

ಬಾಬಿನ್ ಕೇಸಿನ ಪಟ್ಟಿಯ ಮೇಲೆ ಎರಡು ಸ್ಕ್ರೂ ಇರುತ್ತವೆ. ಅಂಚಿನದು ಪಟ್ಟಿಯನ್ನು ಹಿಡಿದಿಡುವುದು, ನಡುವಿನದು ಬಿಗಿಯದು. ಪರೀಕ್ಷೆ ಸುಲಭ. ತುಂಬಿದ ಬಾಬಿನ್ ಹಾಕಿ ಕೇಸನ್ನು ದಾರದಿಂದ ತೂಗುಬಿಡಿ. ತಾನಾಗಿ ಜಾರಬಾರದು, ಕೈಯನ್ನು ಸಣ್ಣಗೆ ಜಗ್ಗಿದರೆ ಒಂದೆರಡು ಇಂಚು ಇಳಿದು ನಿಲ್ಲಬೇಕು. ಹಾಗಿದ್ದರೆ ಮುಟ್ಟಬೇಡಿ. ಇಲ್ಲವಾದರೆ ಗಡಿಯಾರದ ಮುಳ್ಳಿನ ಐದು ನಿಮಿಷದಷ್ಟು ಮಾತ್ರ ತಿರುಗಿಸಿ, ಅದೂ ಬಿಳಿ ತಟ್ಟೆಯ ಮೇಲೆ ಕೇಸ್ ಇಟ್ಟುಕೊಂಡು. ಆ ಸ್ಕ್ರೂ ಎಳ್ಳಿನಷ್ಟೇ ಇರುತ್ತದೆ, ನೆಲಕ್ಕೆ ಬಿದ್ದರೆ ಸಿಗುವುದಿಲ್ಲ.

10. ಕಾಲು

ಕಾಲುಮಷಿನ್ ಆದರೆ ದಾರವಿಲ್ಲದೆ, ಪಾದ ಎತ್ತಿಟ್ಟು ತುಳಿತ ಕಲಿಯಿರಿ. ಹಿಮ್ಮಡಿ, ಮುಂಗಾಲು ಎರಡೂ ಪೆಡಲಿನ ಮೇಲಿರಲಿ. ಪ್ರತಿ ಸಲವೂ ಚಕ್ರವನ್ನು ಕೈಯಿಂದ ನಿಮ್ಮ ಕಡೆಗೆ ಒಂದು ತಿರುವು ಕೊಟ್ಟೇ ತುಳಿಯಲು ಶುರು ಮಾಡಿ. ಕಾಲೇ ಮೊದಲಾದರೆ ಚಕ್ರ ಹಿಮ್ಮುಖ ತಿರುಗಿ ದಾರ ಕಡಿಯುತ್ತದೆ.

ಚರ್ಮದ ಬೆಲ್ಟ್ ಮಳೆಗಾಲದಲ್ಲಿ ತೇವ ಕುಡಿದು ಸಡಿಲಾಗುತ್ತದೆ. ತುಳಿದರೂ ಚಕ್ರ ಜಾರುತ್ತಿದ್ದರೆ ಕ್ಲಿಪ್ ಬಿಚ್ಚಿ ಒಂದು ಸೆಂಟಿಮೀಟರ್ ಕತ್ತರಿಸಿ, ದಬ್ಬಳದಿಂದ ತೂತು ಮಾಡಿ ಮತ್ತೆ ಕ್ಲಿಪ್ ಹಾಕಿ. ಆಷಾಢದಲ್ಲಿ ತೀರಾ ಬಿಗಿಯಾಗಿ ಕಟ್ಟಿದ ಬೆಲ್ಟ್ ಬೇಸಿಗೆಯಲ್ಲಿ ಒಣಗಿ ಇನ್ನೂ ಬಿಗಿಯಾಗಿ ಮಷಿನ್ ಭಾರವಾಗುತ್ತದೆ. ಬೆರಳಿಂದ ಒತ್ತಿದರೆ ತುಸು ಬಗ್ಗುವಷ್ಟು ಸಡಿಲು ಇರಲಿ. ಮೋಟರ್ ಕೂರಿಸಿದ ಹಳೆಯ ಮಷಿನ್ ಆದರೆ ವೈರಿನ ಮೇಲಿನ ರಬ್ಬರ್ ಬಿರಿದಿದೆಯೇ ಎಲೆಕ್ಟ್ರಿಷಿಯನ್‌ಗೆ ತೋರಿಸದೆ ಪ್ಲಗ್ಗಿಗೆ ಹಾಕಬೇಡಿ. ನಮ್ಮ ಕಡೆ ಕರೆಂಟ್ ಇರುವ ದಿನಕ್ಕಿಂತ ಹೋಗುವ ದಿನವೇ ಹೆಚ್ಚಿರುವ ಮಳೆಗಾಲಕ್ಕೆ ಮೋಟರ್ ತೆಗೆದಿಟ್ಟು ಕಾಲಿನಲ್ಲೇ ಹೊಲಿಯುವುದು ವಾಸಿ.

ಇಷ್ಟಾದ ಮೇಲೂ ತೊಂದರೆಯಿದ್ದರೆ

ಹೊಲಿಗೆ ತಪ್ಪುತ್ತಿದ್ದರೆ ಮತ್ತೆ ಸೂಜಿಯನ್ನೇ ನೋಡಿ: ದಿಕ್ಕು, ಎತ್ತರ, ಮೊಂಡು. ಮೇಲಿನ ದಾರ ಪದೇ ಪದೇ ತುಂಡಾದರೆ ಸೂಜಿ ತಟ್ಟೆಯ ತೂತಿನ ಅಂಚನ್ನು ಉಗುರಿನಿಂದ ಸವರಿ. ಹಿಂದೆ ಸೂಜಿ ಬಡಿದು ಗೀರಾಗಿದ್ದರೆ ಉಗುರಿಗೆ ಸಿಗುತ್ತದೆ, ಅತಿ ನುಣುಪಾದ ಮರಳುಕಾಗದದಿಂದ ಉಜ್ಜಿದರೆ ಹೋಗುತ್ತದೆ. ಹೊಲಿಯುತ್ತಿರುವಾಗಲೇ ಚಕ್ರ ಗಕ್ಕನೆ ನಿಂತರೆ ಬಾಬಿನ್ ಕೇಸಿನ ಹಿಂದೆ ದಾರದ ತುಣುಕು ಸಿಕ್ಕಿದೆ. ಕೇಸ್ ತೆಗೆದು, ಉಂಗುರದ ಎರಡು ಕೊಂಡಿ ಅಥವಾ ಸ್ಕ್ರೂ ಬಿಡಿಸಿ, ಒಳಗಿನ ಅರ್ಧಚಂದ್ರಾಕಾರದ ಕೊಕ್ಕೆ ಹೊರತೆಗೆದು ಚಿಮಟದಿಂದ ದಾರ ಎಳೆಯಿರಿ. ಮರಳಿ ಕೂರಿಸುವ ಮೊದಲು ಕೊಕ್ಕೆ ಆಡುವ ಆ ದುಂಡನೆಯ ಜಾಗಕ್ಕೆ ಒಂದು ಹನಿ ಎಣ್ಣೆ.

ಸೂಜಿಯನ್ನು ಹಿಡಿದ ಉದ್ದನೆ ಸರಳಿಗೆ ಮುಖದ ತಟ್ಟೆಯ ಒಳಗೊಂದು ಸ್ಕ್ರೂ ಇದೆ. ಅದನ್ನು ಮಾತ್ರ ಸಡಿಲಿಸಬೇಡಿ. ಸೂಜಿಯ ಮತ್ತು ಕೊಕ್ಕೆಯ ಹೊಂದಾಣಿಕೆ ನಿಂತಿರುವುದು ಅದರ ಮೇಲೆ.

ಮಳೆಗಾಲ ಹಿಡಿಯುವ ಮೊದಲು ಎಲ್ಲ ತೂತಿಗೂ ಎಣ್ಣೆ ಬಿಟ್ಟು, ಹೊಳೆಯುವ ಲೋಹದ ಭಾಗಗಳಿಗೆ ಎಣ್ಣೆ ಒರೆಸಿ, ಪಾದ ಮತ್ತು ಹಲ್ಲಿನ ನಡುವೆ ದಪ್ಪ ಹತ್ತಿಬಟ್ಟೆಯ ಚೂರಿಟ್ಟು ಪಾದ ಇಳಿಸಿ. ಪ್ಲಾಸ್ಟಿಕ್ ಹೊದೆಸಿದರೆ ಒಳಗೆ ಬೆವರು ಕೂತು ತುಕ್ಕು ಹಿಡಿಯುತ್ತದೆ. ಹಳೆಯ ಪಂಚೆ, ಅದರ ಮೇಲೆ ಮರದ ಮುಚ್ಚಳ ಸಾಕು. ಆಗುಂಬೆ, ಹುಲಿಕಲ್ ಕಡೆಯವರು ವಾರಕ್ಕೊಮ್ಮೆಯಾದರೂ ಮುಚ್ಚಳ ತೆಗೆದು ಚಕ್ರ ಹತ್ತಿಪ್ಪತ್ತು ಸುತ್ತು ತಿರುಗಿಸಬೇಕು.

ರಿಪೇರ್‌ಗೆ ಒಯ್ಯಲೇಬೇಕಾದರೆ ಸ್ಟ್ಯಾಂಡ್ ಬೇಡ, ತಲೆ ಸಾಕು. ಬೆಲ್ಟ್ ಬಿಡಿಸಿ, ಹಿಂಬದಿಯ ಎರಡು ಕೀಲಿನ ಸ್ಕ್ರೂ ಸಡಿಲಿಸಿದರೆ ಎತ್ತಿಕೊಳ್ಳಬಹುದು. ಹತ್ತು ಕಿಲೋ ದಾಟುತ್ತದೆ, ಚಕ್ರ ಹಿಡಿದು ಎತ್ತಬೇಡಿ, ತಳಕ್ಕೆ ಕೈ ಕೊಡಿ. ಸೂಜಿ ತೆಗೆದಿಡಿ. ನಿಮ್ಮದೇ ಬಾಬಿನ್ ಕೇಸನ್ನು, ಎರಡು ಬಣ್ಣದ ದಾರದಲ್ಲಿ ಹೊಲಿದು ನೋಡಿದ ಬಟ್ಟೆಯ ಚೂರನ್ನು ಜತೆಗೇ ಒಯ್ಯಿರಿ. ಅಂಗಡಿಯವರು ತಮ್ಮ ಕೇಸ್ ಹಾಕಿ ಹೊಲಿದು “ಸರಿ ಇದೆಯಲ್ಲ” ಎಂದು ಕಳಿಸಿದರೆ, ಮನೆಗೆ ಬಂದು ನಿಮ್ಮ ಕೇಸ್ ಹಾಕಿದ ಕೂಡಲೇ ಹಳೇ ತೊಂದರೆ ಮತ್ತೆ ಶುರುವಾಗುತ್ತದೆ.